ಬೂಸ್ಟು ಕಂಡರೆ ವಿಷ, ಕಾಣದಿದ್ದರೆ ಸುರಕ್ಷಿತವೇ? ಪ್ರಯೋಗಾಲಯದಲ್ಲಿ ಇದನ್ನು ಪತ್ತೆ ಮಾಡುವುದು ಹೇಗೆ?

2021ರ ಮೇ ತಿಂಗಳು ನಿಮಗೆ ನೆನಪಿರಬಹುದು. ಕೋವಿಡ್ ಎರಡನೇ ಅಲೆಯ ನಡುವೆ ‘ಬ್ಲ್ಯಾಕ್ ಫಂಗಸ್’ ಎಂಬ ಹೆಸರು ಎಲ್ಲರ ಬಾಯಲ್ಲಿತ್ತು. ಆಗಲೇ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಂದೇಶ ಓಡಾಡಿತು. ಈರುಳ್ಳಿ ಸಿಪ್ಪೆಯ ಮೇಲಿರುವ ಕಪ್ಪು ಪುಡಿಯೇ ಬ್ಲ್ಯಾಕ್ ಫಂಗಸ್, ಅದು ಫ್ರಿಜ್ಜಿನೊಳಗೂ ಬೆಳೆಯುತ್ತದೆ, ಕೂಡಲೇ ಎಸೆಯಿರಿ ಎಂಬುದು ಅದರ ಸಾರ. ಅದು ತಪ್ಪು ಮಾಹಿತಿ. ಬ್ಲ್ಯಾಕ್ ಫಂಗಸ್ ಎಂದು ಕರೆಯಲಾದ ಮ್ಯೂಕರ್‌ಮೈಕೋಸಿಸ್ ಕಾಯಿಲೆಗೆ ಕಾರಣ ರೈಜೋಪಸ್, ಮ್ಯೂಕರ್ ಮುಂತಾದ ಶಿಲೀಂಧ್ರಗಳು. ಈರುಳ್ಳಿಯ ಕಪ್ಪು ಪುಡಿ ಸಾಮಾನ್ಯವಾಗಿ ಆಸ್ಪರ್‌ಜಿಲಸ್ ನೈಗರ್ ಎಂಬ ಬೇರೆಯದೇ ಬೂಸ್ಟು. ಬಣ್ಣ ಕಪ್ಪು ಎಂಬುದನ್ನು ಬಿಟ್ಟರೆ ಎರಡಕ್ಕೂ ಸಂಬಂಧವಿಲ್ಲ.

ಆದರೆ ಇಷ್ಟು ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ‘ಸರಿ, ಅದು ಬ್ಲ್ಯಾಕ್ ಫಂಗಸ್ ಅಲ್ಲ. ಹಾಗಾದರೆ ಆ ಪುಡಿಯಲ್ಲಿ ವಿಷ ಇಲ್ಲವೇ?’ ಶೇಂಗಾ, ಮೆಕ್ಕೆಜೋಳ, ಒಣಮೆಣಸಿನಕಾಯಿ, ಒಣಕೊಬ್ಬರಿ ಇವುಗಳ ಬಗ್ಗೆಯೂ ಜನ ಇದನ್ನೇ ಕೇಳುತ್ತಾರೆ. ಒಂದು ಫೋಟೊ ತೋರಿಸಿ ‘ಇದು ತಿನ್ನಬಹುದಾ?’ ಎನ್ನುತ್ತಾರೆ. ಫೋಟೊ ನೋಡಿ ಇದಕ್ಕೆ ಉತ್ತರ ಹೇಳಲು ಯಾರಿಂದಲೂ ಸಾಧ್ಯವಿಲ್ಲ. ಯಾಕೆ ಸಾಧ್ಯವಿಲ್ಲ, ಪ್ರಯೋಗಾಲಯದಲ್ಲಿ ಇದನ್ನು ಹೇಗೆ ಪತ್ತೆ ಮಾಡುತ್ತಾರೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಬೂಸ್ಟು ಬೇರೆ, ವಿಷ ಬೇರೆ

ಬೂಸ್ಟು ಒಂದು ಜೀವಿ. ವಿಷ ಆ ಜೀವಿ ತಯಾರಿಸುವ ಒಂದು ರಾಸಾಯನಿಕ. ಹೀಗೆ ಶಿಲೀಂಧ್ರಗಳು ತಯಾರಿಸುವ ವಿಷಗಳಿಗೆ ಒಟ್ಟಾಗಿ ಮೈಕೋಟಾಕ್ಸಿನ್ ಎಂದು ಹೆಸರು. ಇವುಗಳಲ್ಲಿ ಹೆಚ್ಚು ಅಪಾಯಕಾರಿ ಎನಿಸಿಕೊಂಡದ್ದು ಅಫ್ಲಟಾಕ್ಸಿನ್. ಇದನ್ನು ಮುಖ್ಯವಾಗಿ ತಯಾರಿಸುವುದು ಆಸ್ಪರ್‌ಜಿಲಸ್ ಫ್ಲೇವಸ್ ಮತ್ತು ಆಸ್ಪರ್‌ಜಿಲಸ್ ಪ್ಯಾರಾಸಿಟಿಕಸ್ ಎಂಬ ಎರಡು ಬೂಸ್ಟುಗಳು. ಶೇಂಗಾ ಮೇಲೆ ಕಾಣುವ ಹಳದಿ ಮಿಶ್ರಿತ ಹಸಿರು ಪುಡಿ ಹೆಚ್ಚಾಗಿ ಇವುಗಳದ್ದೇ.

ಗೊಂದಲ ಇರುವುದು ಇಲ್ಲೇ. ಆಸ್ಪರ್‌ಜಿಲಸ್ ಫ್ಲೇವಸ್ ಕಂಡಲ್ಲೆಲ್ಲ ಅಫ್ಲಟಾಕ್ಸಿನ್ ಇರಬೇಕೆಂದೇನಿಲ್ಲ. ಆ ಬೂಸ್ಟಿನ ಎಷ್ಟೋ ತಳಿಗಳಿಗೆ ಈ ವಿಷ ತಯಾರಿಸುವ ಶಕ್ತಿಯೇ ಇಲ್ಲ. ಅಮೆರಿಕ ಮತ್ತು ಆಫ್ರಿಕಾದ ಕೆಲವು ದೇಶಗಳಲ್ಲಿ ಇಂಥ ವಿಷರಹಿತ ತಳಿಗಳನ್ನು ಬೇಕೆಂದೇ ಹೊಲಕ್ಕೆ ಹಾಕುತ್ತಾರೆ. ಅವು ಜಾಗ ಹಿಡಿದುಕೊಂಡರೆ ವಿಷದ ತಳಿಗಳಿಗೆ ಬೆಳೆಯಲು ಎಡೆ ಸಿಗುವುದಿಲ್ಲ. ಸೋಯಾ ಸಾಸ್ ತಯಾರಿಸಲು ಬಳಸುವ ಆಸ್ಪರ್‌ಜಿಲಸ್ ಒರೈಜೆ ಕೂಡ ಆಸ್ಪರ್‌ಜಿಲಸ್ ಫ್ಲೇವಸ್‌ನ ತೀರಾ ಹತ್ತಿರದ ಬಂಧು. ಅದು ಅಫ್ಲಟಾಕ್ಸಿನ್ ತಯಾರಿಸುವುದಿಲ್ಲ. ಈರುಳ್ಳಿಯ ಆಸ್ಪರ್‌ಜಿಲಸ್ ನೈಗರ್ ಕತೆಯೂ ಹೀಗೇ. ಅದರ ಕೆಲವು ತಳಿಗಳು ಮಾತ್ರ ಓಕ್ರಟಾಕ್ಸಿನ್ ಎಂಬ ವಿಷ ತಯಾರಿಸಬಲ್ಲವು.

ಇದರ ಉಲ್ಟಾ ಕೂಡ ನಿಜ, ಮತ್ತು ಹೆಚ್ಚು ಅಪಾಯ ಇರುವುದು ಇದರಲ್ಲೇ. ಬೂಸ್ಟು ಬೆಳೆದು ವಿಷ ಬಿಟ್ಟ ಮೇಲೆ ಸತ್ತುಹೋಗಬಹುದು. ಕಾಳನ್ನು ಒಣಗಿಸಿ, ಉಜ್ಜಿ, ಪಾಲಿಶ್ ಮಾಡಿದರೆ ಮೇಲಿನ ಪುಡಿ ಹೋಗುತ್ತದೆ. ಒಳಗಿನ ವಿಷ ಹಾಗೇ ಇರುತ್ತದೆ. ಆದ್ದರಿಂದ ಕಣ್ಣಿಗೆ ಬೂಸ್ಟು ಕಾಣುತ್ತಿಲ್ಲ ಎಂಬುದು ವಿಷ ಇಲ್ಲ ಎಂಬುದಕ್ಕೆ ಪುರಾವೆ ಆಗುವುದಿಲ್ಲ.

ಈ ವಿಷದ ಬಗ್ಗೆ ಗೊತ್ತಾದದ್ದು ಯಾವಾಗ?

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಯಾವ ರೋಗಾಣುವೂ ಸಿಗದೇ ಹೋದಾಗ ಅದನ್ನು ‘ಟರ್ಕಿ ಎಕ್ಸ್ ಕಾಯಿಲೆ’ ಎಂದು ಕರೆದರು. ಕೊನೆಗೆ ಕಾರಣ ಸಿಕ್ಕಿದ್ದು ಆಹಾರದಲ್ಲಿ. ಬ್ರೆಜಿಲ್‌ನಿಂದ ತರಿಸಿದ್ದ ಶೇಂಗಾ ಹಿಂಡಿಗೆ ಬೂಸ್ಟು ಹಿಡಿದಿತ್ತು. ಆಸ್ಪರ್‌ಜಿಲಸ್‌ನ ‘ಅ’, ಫ್ಲೇವಸ್‌ನ ‘ಫ್ಲ’, ಅದಕ್ಕೆ ಟಾಕ್ಸಿನ್ ಸೇರಿಸಿ ಅಫ್ಲಟಾಕ್ಸಿನ್ ಎಂಬ ಹೆಸರಾಯಿತು. ಅತಿನೇರಳೆ ಬೆಳಕಿನಲ್ಲಿ ನೀಲಿಯಾಗಿ ಹೊಳೆದವುಗಳಿಗೆ ‘ಬಿ’, ಹಸಿರಾಗಿ ಹೊಳೆದವುಗಳಿಗೆ ‘ಜಿ’ ಎಂದು ಇಂಗ್ಲಿಷ್ ಬಣ್ಣಗಳ ಮೊದಲ ಅಕ್ಷರ ಕೊಟ್ಟರು. ಈ ಗುಂಪಿನಲ್ಲಿ ಹೆಚ್ಚು ತೀವ್ರವಾದದ್ದು ಬಿ1. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಫ್ಲಟಾಕ್ಸಿನ್‌ಗಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆ ಎಂದು ಖಚಿತವಾಗಿರುವ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದೆ. ಇವು ಹೆಚ್ಚಾಗಿ ಹಾನಿ ಮಾಡುವುದು ಯಕೃತ್ತಿಗೆ, ಅಂದರೆ ಲಿವರ್‌ಗೆ.

ನಮ್ಮ ದೇಶದಲ್ಲೂ ಇದು ಜೀವ ತೆಗೆದಿದೆ. 1974ರ ಕೊನೆಯಲ್ಲಿ ರಾಜಸ್ಥಾನದ ಬಾನ್ಸ್‌ವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳ ಆದಿವಾಸಿ ಹಳ್ಳಿಗಳಲ್ಲಿ ಜನರಿಗೆ ಕಾಮಾಲೆ ಬಂತು, ಹೊಟ್ಟೆಯಲ್ಲಿ ನೀರು ತುಂಬಿಕೊಂಡಿತು. ಅದೇ ಮನೆಗಳ ನಾಯಿಗಳಿಗೂ ಹೀಗೇ ಆಯಿತು. ಕಾಯಿಲೆ ಬಿದ್ದ 397 ಮಂದಿಯಲ್ಲಿ 106 ಮಂದಿ ತೀರಿಕೊಂಡರು. ಮೇಲ್ನೋಟಕ್ಕೆ ಇದು ವೈರಸ್‌ನಿಂದ ಬರುವ ಕಾಮಾಲೆಯಂತೆಯೇ ಇತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಆ ಮನೆಗಳ ಮೆಕ್ಕೆಜೋಳವನ್ನು ಪರೀಕ್ಷಿಸಿದಾಗ ಕೆಜಿಗೆ 6,250ರಿಂದ 15,600 ಮೈಕ್ರೊಗ್ರಾಂವರೆಗೆ ಅಫ್ಲಟಾಕ್ಸಿನ್ ಸಿಕ್ಕಿತು. ಇಂದು ನಮ್ಮ ದೇಶದಲ್ಲಿ ಧಾನ್ಯಕ್ಕೆ ಇರುವ ಮಿತಿ ಕೆಜಿಗೆ 15 ಮೈಕ್ರೊಗ್ರಾಂ. ಅಂದರೆ ಅದು ಮಿತಿಯ 400ರಿಂದ 1,000 ಪಟ್ಟು. ಕೊಯ್ಲಿಗೆ ಮುಂಚೆ ಸುರಿದ ಅಕಾಲಿಕ ಮಳೆಗೆ ತೆನೆ ನೆನೆದಿತ್ತು. ಬೂಸ್ಟು ಹಿಡಿದಿದ್ದು ಕಣ್ಣಿಗೆ ಕಂಡರೂ, ಮನೆಯಲ್ಲಿ ಬೇರೆ ಕಾಳಿಲ್ಲದವರು ಅದನ್ನೇ ತಿನ್ನಬೇಕಾಯಿತು.

1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲೂ ಅಕಾಲಿಕ ಮಳೆಗೆ ಜೋಳ, ಮೆಕ್ಕೆಜೋಳ ನೆನೆದು ಬೂಸ್ಟು ಹಿಡಿಯಿತು. ಅದರ ರೊಟ್ಟಿ ತಿಂದವರಿಗೆ ಹೊಟ್ಟೆನೋವು, ಭೇದಿ ಶುರುವಾಯಿತು. ಅಲ್ಲಿ ಸಿಕ್ಕಿದ್ದು ಅಫ್ಲಟಾಕ್ಸಿನ್ ಅಲ್ಲ, ಫ್ಯುಮೋನಿಸಿನ್ ಎಂಬ ಬೇರೆ ವಿಷ. ಅದನ್ನು ತಯಾರಿಸುವುದು ಫ್ಯುಸೇರಿಯಂ ಎಂಬ ಬೇರೆ ಬೂಸ್ಟು. ಯಾವ ಬೂಸ್ಟು, ಯಾವ ವಿಷ ಎಂದು ಕೇಳದೆ ‘ಬೂಸ್ಟು ವಿಷ’ ಎಂದಷ್ಟೇ ಹೇಳಿದರೆ ಪೂರ್ತಿ ವಿಷಯ ಗೊತ್ತಾಗುವುದಿಲ್ಲ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಮೊದಲ ಪ್ರಶ್ನೆ: ಯಾವ ಬೂಸ್ಟು?

ಒಂದು ಚೀಲ ಶೇಂಗಾ ಪ್ರಯೋಗಾಲಯಕ್ಕೆ ಬಂತು ಎಂದುಕೊಳ್ಳಿ. ಬೂಸ್ಟನ್ನು ಹುಡುಕಲು ಮೊದಲು ಅದನ್ನು ಬೆಳೆಸಬೇಕು. ಗಾಳಿಯಲ್ಲಿ, ಧೂಳಿನಲ್ಲಿ ಎಲ್ಲೆಡೆ ಬೂಸ್ಟಿನ ಬೀಜಕಣಗಳು ಇರುತ್ತವೆ. ಹಾಗಾಗಿ ಕಾಳಿನ ಮೇಲೆ ಸುಮ್ಮನೆ ಬಂದು ಕೂತದ್ದು ಯಾವುದು, ಒಳಗೇ ಸೇರಿಕೊಂಡದ್ದು ಯಾವುದು ಎಂದು ಬೇರ್ಪಡಿಸಬೇಕು. ಇದಕ್ಕಾಗಿ ಕಾಳನ್ನು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ, ಅಂದರೆ ಬ್ಲೀಚ್‌ನಲ್ಲಿ ಸ್ವಲ್ಪ ಹೊತ್ತು ತೊಳೆಯುತ್ತಾರೆ. ಹೊರಗಿನ ಬೀಜಕಣಗಳು ಸಾಯುತ್ತವೆ. ಬಳಿಕ ಆ ಕಾಳುಗಳನ್ನು ಅಗಾರ್ ಇರುವ ಪೆಟ್ರಿ ತಟ್ಟೆಯಲ್ಲಿ ಇಡುತ್ತಾರೆ. ಅಗಾರ್ ಎಂದರೆ ಕಡಲ ಪಾಚಿಯಿಂದ ತೆಗೆದ, ಜೆಲ್ಲಿಯಂತೆ ಗಟ್ಟಿಯಾಗುವ ವಸ್ತು. ಅದರಲ್ಲಿ ಬೂಸ್ಟಿಗೆ ಬೇಕಾದ ಆಹಾರ ಬೆರೆಸಿರುತ್ತಾರೆ. ಬ್ಯಾಕ್ಟೀರಿಯಾ ಬೆಳೆಯದಂತೆ ಆ್ಯಂಟಿಬಯೋಟಿಕ್ ಕೂಡ ಹಾಕಿರುತ್ತಾರೆ.

ಕೆಲವು ದಿನಗಳಲ್ಲಿ ಕಾಳಿನೊಳಗಿಂದ ಬೂಸ್ಟು ಹೊರಬರುತ್ತದೆ. ಅದರ ಬಣ್ಣ, ಬೆಳೆಯುವ ವೇಗ, ಸೂಕ್ಷ್ಮದರ್ಶಕದಲ್ಲಿ ಕಾಣುವ ಬೀಜಕಣದ ಆಕಾರ ನೋಡಿ ಜಾತಿ ಗುರುತಿಸುತ್ತಾರೆ. ಆಸ್ಪರ್‌ಜಿಲಸ್ ಫ್ಲೇವಸ್ ಗುಂಪನ್ನು ಹಿಡಿಯಲೆಂದೇ ಎಎಫ್‌ಪಿಎ ಎಂಬ ವಿಶೇಷ ಅಗಾರ್ ಇದೆ. ಅದರಲ್ಲಿ 30 ಡಿಗ್ರಿ ಉಷ್ಣತೆಯಲ್ಲಿ ಸುಮಾರು ಎರಡು ದಿನ ಇಟ್ಟರೆ ಈ ಬೂಸ್ಟಿನ ತಳಭಾಗ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಆದರೆ ಆ ಬಣ್ಣ ಬರುವುದು ಬೂಸ್ಟು ಬಿಡುವ ಆಸ್ಪರ್‌ಜಿಲಿಕ್ ಆಮ್ಲ ಅಗಾರ್‌ನಲ್ಲಿರುವ ಕಬ್ಬಿಣದ ಜೊತೆ ಸೇರುವುದರಿಂದ. ಅದಕ್ಕೂ ಅಫ್ಲಟಾಕ್ಸಿನ್‌ಗೂ ಸಂಬಂಧವಿಲ್ಲ. ಕಳ್ಳನಾಗಿರಬಹುದಾದ ಮನೆತನದವನು ಇಲ್ಲಿದ್ದಾನೆ ಎಂಬುದಷ್ಟೇ ಇಲ್ಲಿ ಗೊತ್ತಾಯಿತು. ಕಳ್ಳತನ ಮಾಡಿದ್ದಾನೆಯೇ ಎಂಬುದು ಇನ್ನೂ ಗೊತ್ತಾಗಿಲ್ಲ.

ಎರಡನೇ ಪ್ರಶ್ನೆ: ಈ ತಳಿ ವಿಷ ತಯಾರಿಸುತ್ತದೆಯೇ?

ಇಲ್ಲಿ ಸಹಾಯಕ್ಕೆ ಬರುವುದು ನಮ್ಮ ತೆಂಗಿನಕಾಯಿ. ತುರಿದ ಕೊಬ್ಬರಿಯನ್ನು ಬಿಸಿನೀರಿನಲ್ಲಿ ನೆನೆಸಿ, ಸೋಸಿ, ಆ ಹಾಲಿಗೆ ಅಗಾರ್ ಬೆರೆಸಿ ತಟ್ಟೆಗೆ ಹೊಯ್ಯುತ್ತಾರೆ. ಕೊಬ್ಬರಿಯ ಕೊಬ್ಬು ಮತ್ತು ಪೋಷಕಾಂಶ ಸಿಕ್ಕಾಗ ಈ ಬೂಸ್ಟುಗಳು ಚೆನ್ನಾಗಿ ವಿಷ ತಯಾರಿಸುತ್ತವೆ. ಕೆಲವು ದಿನಗಳ ಬಳಿಕ ತಟ್ಟೆಯನ್ನು ಕತ್ತಲ ಕೋಣೆಯಲ್ಲಿ 365 ನ್ಯಾನೋಮೀಟರ್ ಅತಿನೇರಳೆ ದೀಪದ ಕೆಳಗೆ ಇಡುತ್ತಾರೆ. ವಿಷ ತಯಾರಿಸುವ ತಳಿಯಾದರೆ ಬೂಸ್ಟಿನ ಸುತ್ತ ನೀಲಿ ಬಳೆಯಂಥ ಹೊಳಪು ಕಾಣುತ್ತದೆ.

ಇನ್ನೊಂದು ವಿಧಾನದಲ್ಲಿ ತಟ್ಟೆಯನ್ನು ತಲೆಕೆಳಗು ಮಾಡಿ ಮುಚ್ಚಳಕ್ಕೆ ಒಂದೆರಡು ಹನಿ ಅಮೋನಿಯಾ ಹಾಕುತ್ತಾರೆ. ಅದರ ಆವಿ ತಗುಲಿದಾಗ ವಿಷದ ತಳಿಗಳ ತಳಭಾಗ ಗುಲಾಬಿ ಅಥವಾ ಕೆಂಪು ಬಣ್ಣಕ್ಕೆ ತಿರುಗುತ್ತದೆ. ಎರಡೂ ಅಗ್ಗದ ವಿಧಾನಗಳು, ಸಾಮಾನ್ಯ ಕಾಲೇಜು ಪ್ರಯೋಗಾಲಯದಲ್ಲೂ ಮಾಡಬಹುದು. ಆದರೆ ಕಡಿಮೆ ವಿಷ ಬಿಡುವ ತಳಿಗಳು ಇವುಗಳ ಕಣ್ಣು ತಪ್ಪಿಸಬಹುದು.

ಹಾಗಾಗಿ ಪಿಸಿಆರ್ ಕೂಡ ಬಳಸುತ್ತಾರೆ. ಕೋವಿಡ್ ಕಾಲದಲ್ಲಿ ಎಲ್ಲರಿಗೂ ಪರಿಚಯವಾದ ಅದೇ ಪಿಸಿಆರ್. ಅಫ್ಲಟಾಕ್ಸಿನ್ ತಯಾರಿಸಲು ಬೂಸ್ಟಿಗೆ ಸುಮಾರು 25 ಜೀನ್‌ಗಳ ಒಂದು ಗುಂಪು ಬೇಕು. ಅವುಗಳಲ್ಲಿ ಮುಖ್ಯವಾದ ಕೆಲವು ಇವೆಯೇ ಎಂದು ಪಿಸಿಆರ್ ಕೆಲವೇ ಗಂಟೆಗಳಲ್ಲಿ ಹೇಳುತ್ತದೆ. ಆದರೆ ಜೀನ್ ಇದೆ ಎಂದರೆ ಮನೆಯಲ್ಲಿ ಒಲೆ ಇದೆ ಎಂದಷ್ಟೇ ಅರ್ಥ. ಅಡುಗೆ ಆಗಿದೆಯೇ, ಎಷ್ಟು ಆಗಿದೆ ಎಂಬುದು ಒಲೆ ನೋಡಿದರೆ ಗೊತ್ತಾಗುವುದಿಲ್ಲ. ಉಷ್ಣತೆ, ತೇವಾಂಶ ಸರಿಯಾಗಿ ಸಿಗದಿದ್ದರೆ ಜೀನ್ ಇದ್ದರೂ ಬೂಸ್ಟು ವಿಷ ತಯಾರಿಸದೇ ಇರಬಹುದು.

ಮೂರನೇ ಪ್ರಶ್ನೆ: ಆಹಾರದಲ್ಲಿ ವಿಷ ಎಷ್ಟಿದೆ?

ತಿನ್ನುವವರಿಗೆ ಬೇಕಾದದ್ದು ಈ ಉತ್ತರ. ಇದಕ್ಕೆ ಬೂಸ್ಟನ್ನು ಬಿಟ್ಟು ನೇರವಾಗಿ ವಿಷವನ್ನೇ ಅಳೆಯುತ್ತಾರೆ. ಶೇಂಗಾವನ್ನು ನುಣ್ಣಗೆ ಪುಡಿ ಮಾಡಿ, ಮೆಥನಾಲ್ ಮತ್ತು ನೀರಿನ ಮಿಶ್ರಣದಲ್ಲಿ ಕಲಕಿ ವಿಷವನ್ನು ಹೊರತೆಗೆಯುತ್ತಾರೆ. ಮುಂದೆ ಹಲವು ದಾರಿಗಳಿವೆ.

ಪ್ರೆಗ್ನೆನ್ಸಿ ಕಿಟ್‌ನಂತೆ ಗೆರೆ ತೋರಿಸುವ ಪಟ್ಟಿಗಳು ಕೆಲವೇ ನಿಮಿಷಗಳಲ್ಲಿ ‘ಇಷ್ಟಕ್ಕಿಂತ ಹೆಚ್ಚಿದೆಯೇ, ಇಲ್ಲವೇ’ ಎಂದು ಹೇಳುತ್ತವೆ. ಖರೀದಿ ಕೇಂದ್ರ, ಗೋದಾಮುಗಳಿಗೆ ಇದು ಸಾಕು. ಎಲೈಸಾ ಎಂಬ ಪರೀಕ್ಷೆಯಲ್ಲಿ ಆ್ಯಂಟಿಬಾಡಿ ಬಳಸಿ, ಬಣ್ಣದ ತೀವ್ರತೆಯಿಂದ ಪ್ರಮಾಣ ಲೆಕ್ಕ ಹಾಕುತ್ತಾರೆ. ಒಮ್ಮೆಗೇ ಹತ್ತಾರು ಮಾದರಿ ನೋಡಬಹುದು. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆ ಬಡ ದೇಶಗಳ ಪ್ರಯೋಗಾಲಯಗಳಿಗೂ ಎಟುಕುವಂತೆ ಕಡಿಮೆ ಖರ್ಚಿನ ಎಲೈಸಾ ವಿಧಾನವನ್ನು ರೂಪಿಸಿದೆ. ಕಾನೂನಿನ ಪ್ರಕಾರ ಖಚಿತ ಅಂಕಿ ಬೇಕಾದಾಗ ಎಚ್‌ಪಿಎಲ್‌ಸಿ ಅಥವಾ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರಗಳನ್ನು ಬಳಸುತ್ತಾರೆ. ಇವು ಬಿ1, ಬಿ2, ಜಿ1, ಜಿ2 ಒಂದೊಂದನ್ನೂ ಬೇರೆ ಬೇರೆಯಾಗಿ ಅಳೆಯುತ್ತವೆ.

ನಮ್ಮ ಎಫ್‌ಎಸ್‌ಎಸ್‌ಎಐ ನಿಯಮದಂತೆ ನೇರವಾಗಿ ತಿನ್ನುವ ಶೇಂಗಾದಲ್ಲಿ ಒಟ್ಟು ಅಫ್ಲಟಾಕ್ಸಿನ್ ಕೆಜಿಗೆ 10 ಮೈಕ್ರೊಗ್ರಾಂ ಮೀರಬಾರದು. ಮುಂದೆ ಸಂಸ್ಕರಣೆಗೆ ಹೋಗುವ ಶೇಂಗಾಕ್ಕೆ ಮಿತಿ 15. ಯುರೋಪಿನಲ್ಲಿ ನೇರವಾಗಿ ತಿನ್ನುವ ಶೇಂಗಾಕ್ಕೆ ಮಿತಿ 4. ಒಂದು ಮೈಕ್ರೊಗ್ರಾಂ ಎಂದರೆ ಒಂದು ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಭಾಗ. ಕಣ್ಣು, ಮೂಗು, ನಾಲಗೆ ಯಾವುದಕ್ಕೂ ಇಷ್ಟು ಸಣ್ಣ ಪ್ರಮಾಣ ಸಿಗುವುದಿಲ್ಲ.

ಯಂತ್ರಕ್ಕಿಂತ ಕಷ್ಟ ಮಾದರಿ ತೆಗೆಯುವುದು

‘ಲ್ಯಾಬ್ ರಿಪೋರ್ಟ್ ಇದೆ’ ಎಂದ ಕೂಡಲೇ ನಾವೆಲ್ಲ ನಂಬಿಬಿಡುತ್ತೇವೆ. ಆದರೆ ಅಫ್ಲಟಾಕ್ಸಿನ್ ವಿಷಯದಲ್ಲಿ ದೊಡ್ಡ ತಪ್ಪು ನಡೆಯುವುದು ಯಂತ್ರದಲ್ಲಿ ಅಲ್ಲ, ಚೀಲದಿಂದ ಕಾಳು ತೆಗೆಯುವಾಗ. ಹಾಲಿನಲ್ಲಿ ಸಕ್ಕರೆ ಕರಗುವಂತೆ ಈ ವಿಷ ಚೀಲದ ತುಂಬ ಸಮನಾಗಿ ಹರಡಿರುವುದಿಲ್ಲ. ಸಾವಿರಾರು ಒಳ್ಳೆಯ ಬೀಜಗಳ ನಡುವೆ ಒಂದೆರಡು ಬೀಜಗಳಲ್ಲಿ ಮಾತ್ರ ತುಂಬಿಕೊಂಡಿರಬಹುದು.

ಒಂದು ಲೆಕ್ಕ ಮಾಡಿ ನೋಡೋಣ. ಒಂದೊಂದೇ ಶೇಂಗಾ ಬೀಜ ಪರೀಕ್ಷಿಸಿದಾಗ ಕೆಲವದರಲ್ಲಿ ಕೆಜಿಗೆ 10 ಲಕ್ಷ ಮೈಕ್ರೊಗ್ರಾಂ ಮೀರಿದ ಪ್ರಮಾಣ ಸಿಕ್ಕಿದ್ದುಂಟು. ಅಂಥ ಅರ್ಧ ಗ್ರಾಂ ತೂಕದ ಒಂದು ಬೀಜದಲ್ಲಿ ಸುಮಾರು 500 ಮೈಕ್ರೊಗ್ರಾಂ ವಿಷ ಇರುತ್ತದೆ. ಅದನ್ನು ಪೂರ್ತಿ ಶುದ್ಧವಾದ 30 ಕೆಜಿ ಶೇಂಗಾದ ಜೊತೆ ಸೇರಿಸಿ ಪುಡಿ ಮಾಡಿದರೂ ಸರಾಸರಿ ಕೆಜಿಗೆ 15 ಮೈಕ್ರೊಗ್ರಾಂ ದಾಟುತ್ತದೆ. ಒಂದೇ ಒಂದು ಬೀಜ!

ಈಗ ಆ ಚೀಲದಿಂದ ಒಂದು ಹಿಡಿ ಶೇಂಗಾ ತೆಗೆದು ಪರೀಕ್ಷೆಗೆ ಕಳಿಸಿದರೆ ಏನಾಗುತ್ತದೆ? ಆ ಕೆಟ್ಟ ಬೀಜ ಹಿಡಿಯೊಳಗೆ ಬರದಿದ್ದರೆ ವರದಿ ‘ಶುದ್ಧ’ ಎನ್ನುತ್ತದೆ. ಬಂದರೆ ‘ಭಯಂಕರ ವಿಷ’ ಎನ್ನುತ್ತದೆ. ಎರಡೂ ಇಡೀ ಚೀಲದ ನಿಜ ಅಲ್ಲ. ಹೀಗಾಗಿ ಯುರೋಪಿನ ನಿಯಮದಂತೆ ದೊಡ್ಡ ಶೇಂಗಾ ಸರಕನ್ನು ಪರೀಕ್ಷಿಸುವಾಗ 100 ಕಡೆಯಿಂದ ಸ್ವಲ್ಪ ಸ್ವಲ್ಪ ತೆಗೆದು, 20 ಕೆಜಿ ಮಾದರಿ ಮಾಡಿ, ಅಷ್ಟನ್ನೂ ಪುಡಿ ಮಾಡಿ ಬೆರೆಸಿ, ಬಳಿಕವೇ ಯಂತ್ರಕ್ಕೆ ಕೊಡುತ್ತಾರೆ.

ಮನೆಯಲ್ಲೇ ಪತ್ತೆ ಮಾಡಬಹುದೇ?

ಅತಿನೇರಳೆ ಟಾರ್ಚ್ ಹಿಡಿದರೆ ಹೊಳೆಯುವುದಿಲ್ಲವೇ? ಇಲ್ಲ, ಇದನ್ನು ನಂಬಬೇಡಿ. ಮೆಕ್ಕೆಜೋಳದಲ್ಲಿ ಕೆಲವೊಮ್ಮೆ ಹಳದಿ ಹಸಿರು ಹೊಳಪು ಕಾಣುವುದು ನಿಜ. ಅದು ಬೂಸ್ಟು ತಯಾರಿಸುವ ಕೋಜಿಕ್ ಆಮ್ಲದಿಂದ ಬರುವ ಹೊಳಪು, ಅಫ್ಲಟಾಕ್ಸಿನ್‌ನದ್ದಲ್ಲ. ಹೊಳೆದರೆ ಅನುಮಾನ ಪಡಬಹುದು ಅಷ್ಟೇ. ಹೊಳೆಯದಿದ್ದರೆ ವಿಷ ಇಲ್ಲ ಎನ್ನಲಾಗದು. ಬಿಳಿ ಕಾಗದ, ಸೋಪಿನ ಪುಡಿಯಲ್ಲಿ ಒಗೆದ ಬಟ್ಟೆ ಕೂಡ ಅದೇ ಟಾರ್ಚಿಗೆ ಹೊಳೆಯುತ್ತವೆ.

ಕಹಿ ಇದ್ದರೆ ಮಾತ್ರ ವಿಷವೇ? ಅಲ್ಲ. ಅಫ್ಲಟಾಕ್ಸಿನ್‌ಗೆ ಗುರುತು ಹಿಡಿಯುವಂಥ ರುಚಿ, ವಾಸನೆ ಇಲ್ಲ. ಆದರೂ ಕಹಿ ಬೀಜವನ್ನು ಉಗುಳುವ ಅಭ್ಯಾಸ ಒಳ್ಳೆಯದೇ. ಕೆಟ್ಟ ಬೀಜದಲ್ಲಿ ವಿಷ ಇರುವ ಸಾಧ್ಯತೆ ಹೆಚ್ಚು.

ತೊಳೆದರೆ, ಬೇಯಿಸಿದರೆ, ಹುರಿದರೆ ಹೋಗುತ್ತದೆಯೇ? ಬೂಸ್ಟು ಸಾಯುತ್ತದೆ, ವಿಷ ಪೂರ್ತಿ ಹೋಗುವುದಿಲ್ಲ. ಹುರಿಯುವಾಗ ಒಂದಿಷ್ಟು ಕಡಿಮೆಯಾಗಬಹುದು. ಅನ್ನ, ರೊಟ್ಟಿ ಮಾಡುವ ಬಿಸಿ ಅದನ್ನು ನಾಶ ಮಾಡಲು ಸಾಲದು.

ಹಾಗಾದರೆ ಮಾಡಬೇಕಾದ್ದೇನು? ಪತ್ತೆ ಮಾಡುವುದು ಕಷ್ಟ, ಬಾರದಂತೆ ತಡೆಯುವುದು ಅದಕ್ಕಿಂತ ಸುಲಭ. ಕೊಳ್ಳುವಾಗ ಮುರುಟಿದ, ಬಣ್ಣಗೆಟ್ಟ, ತೂತು ಬಿದ್ದ ಬೀಜಗಳನ್ನು ಆರಿಸಿ ತೆಗೆಯಿರಿ. ಇಷ್ಟರಿಂದಲೇ ವಿಷದ ಪ್ರಮಾಣ ಬಹಳಷ್ಟು ತಗ್ಗುತ್ತದೆ. ಚೆನ್ನಾಗಿ ಒಣಗಿದ್ದನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು ಬೇಗ ಬಳಸಿ. ಬೂಸ್ಟು ಹಿಡಿದ ಕಾಳನ್ನು ಉಜ್ಜಿ ತಿನ್ನಬೇಡಿ.

ಬೆಳೆಗಾರರಿಗೂ ಇದರಲ್ಲಿ ಪಾಲಿದೆ. ಚಳ್ಳಕೆರೆ, ಪಾವಗಡದಂಥ ಕಡೆ ಮಳೆಯನ್ನೇ ನಂಬಿ ಶೇಂಗಾ ಬೆಳೆಯುತ್ತಾರೆ. ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಗಿಡ ಸೊರಗಿ, ಮಣ್ಣಿನೊಳಗೇ ಕಾಯಿಗೆ ಈ ಬೂಸ್ಟು ತಗುಲುತ್ತದೆ. ಕಿತ್ತ ಮೇಲೆ ಹಸಿ ಬಳ್ಳಿಯನ್ನು ರಾಶಿ ಹಾಕಿದರೆ ಅದು ಹಬ್ಬುತ್ತದೆ. ಸುಲಿಯಲು ಸುಲಭವಾಗಲಿ ಎಂದು ಒಣಗಿದ ಕಾಯಿಗೆ ನೀರು ಚಿಮುಕಿಸುವ ರೂಢಿಯೂ ಅಪಾಯಕಾರಿ. ಕಾಯಿ ಅಲುಗಾಡಿಸಿದರೆ ಬೀಜ ಗಲಗಲ ಎನ್ನುವಷ್ಟು ಒಣಗಿಸಿ ಇಡುವುದು ಉತ್ತಮ.

‘ಹೋಗಲಿ, ದನಕ್ಕೆ ಹಾಕು’

ಕೆಟ್ಟ ಶೇಂಗಾ, ಬೂಸ್ಟು ಹಿಡಿದ ಮೆಕ್ಕೆಜೋಳ, ಹಳೆಯ ಹಿಂಡಿ ಇವನ್ನು ತಿಪ್ಪೆಗೆ ಹಾಕಲು ನಮಗೆ ಮನಸ್ಸು ಬರುವುದಿಲ್ಲ. ‘ದನಕ್ಕಾದರೂ ಆಗಲಿ’ ಎನ್ನುತ್ತೇವೆ. ಗಾಣಕ್ಕೆ ಕೊಟ್ಟರೂ ವಿಷದ ಬಹುಪಾಲು ಎಣ್ಣೆಗಿಂತ ಹಿಂಡಿಯಲ್ಲೇ ಉಳಿಯುತ್ತದೆ. ಆ ಹಿಂಡಿ ಮತ್ತೆ ಕೊಟ್ಟಿಗೆಗೇ ಬರುತ್ತದೆ. ಹಸು ತಿಂದ ಬಿ1 ವಿಷದ ಒಂದು ಸಣ್ಣ ಭಾಗ ಅದರ ದೇಹದಲ್ಲಿ ಎಂ1 ಎಂಬ ರೂಪಕ್ಕೆ ತಿರುಗಿ ಹಾಲಿಗೆ ಇಳಿಯುತ್ತದೆ. ಕಾಯಿಸಿದರೂ ಅದು ಹೋಗುವುದಿಲ್ಲ. ಎಫ್‌ಎಸ್‌ಎಸ್‌ಎಐ 2018ರಲ್ಲಿ ದೇಶದಾದ್ಯಂತ ನಡೆಸಿ, 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 6,432 ಹಾಲಿನ ಮಾದರಿಗಳ ಪೈಕಿ 368ರಲ್ಲಿ, ಅಂದರೆ ಶೇ 5.7ರಲ್ಲಿ, ಎಂ1 ಪ್ರಮಾಣ ಕೆಜಿಗೆ 0.5 ಮೈಕ್ರೊಗ್ರಾಂ ಎಂಬ ಮಿತಿಯನ್ನು ಮೀರಿತ್ತು. ಹಾಲಿಗೆ ನೀರು, ಯೂರಿಯಾ ಬೆರೆಸುತ್ತಾರೆ ಎಂಬ ಸಂದೇಶಗಳನ್ನು ನಾವು ದಿನವೂ ನೋಡುತ್ತೇವೆ. ಯಾರೂ ಬೆರೆಸದೆ, ಮೇವಿನ ಮೂಲಕ ತಾನಾಗಿಯೇ ಬರುವ ಈ ವಿಷದ ಬಗ್ಗೆ ಮಾತು ಕಡಿಮೆ. ಹಾಗೆಂದು ಹಾಲು ಬಿಡಬೇಕಿಲ್ಲ. ಬೂಸ್ಟು ಹಿಡಿದ ಮೇವು ಹಾಕುವುದನ್ನು ಬಿಡಬೇಕು.

ಫಾರ್ವರ್ಡ್ ಮಾಡುವ ಮುನ್ನ

‘ಪ್ರಯೋಗಾಲಯದಲ್ಲಿ ಸಾಬೀತಾಗಿದೆ’ ಎಂಬ ಸಂದೇಶ ಮುಂದಿನ ಸಲ ನಿಮ್ಮ ಗುಂಪಿಗೆ ಬಂದಾಗ ಮೂರು ವಿಷಯ ಹುಡುಕಿ. ಸಿಕ್ಕಿದ್ದು ಬೂಸ್ಟೋ, ವಿಷವೋ? ವಿಷವಾದರೆ ಯಾವುದು, ಕೆಜಿಗೆ ಎಷ್ಟು? ಮಾದರಿಯನ್ನು ಎಲ್ಲಿಂದ, ಎಷ್ಟು ತೆಗೆದರು? ಈ ಮೂರೂ ಇಲ್ಲದಿದ್ದರೆ ಅದು ಪರೀಕ್ಷೆಯ ಫಲಿತಾಂಶ ಅಲ್ಲ, ಬರೀ ಹೆದರಿಕೆ. ಅಂಥದ್ದನ್ನು ಅಲ್ಲಿಗೇ ನಿಲ್ಲಿಸಿ. ಅದರ ಬದಲು, ಮನೆಯಲ್ಲಿ ಹಸು ಕಟ್ಟಿದವರಿಗೆ, ಶೇಂಗಾ ಬೆಳೆಯುವವರಿಗೆ ಮೇಲಿನ ಹಿಂಡಿಯ ವಿಷಯವನ್ನು ಹೇಳಿ.